ಬೆಂಡೆ ಹೂವಿಗೆ ಇಯರ್ ಎಂಡಿಂಗ್ ಗೊತ್ತಿಲ್ಲ

ಮಾರ್ಚ್ ಬಂತು ಅಂದ್ರೆ ನಮ್ಮ ಆಫೀಸಲ್ಲಿ ಯಾರೂ ‘ವಸಂತ ಬಂತು’ ಅನ್ನಲ್ಲ. ‘ಇಯರ್ ಎಂಡಿಂಗ್ ಬಂತು’ ಅಂತಾರೆ. ನಾನು ಅಕೌಂಟ್ಸ್ ವಿಭಾಗದವಳು. ಚೈತ್ರ, ವೈಶಾಖ ಎರಡು ತಿಂಗಳು ವಸಂತ ಋತು ಅಂತ ಪ್ರೈಮರಿಯಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆ. ಆದರೆ ಕೆಲಸಕ್ಕೆ ಸೇರಿದ ಒಂಬತ್ತು ವರ್ಷಗಳಲ್ಲಿ ಆ ಋತುವನ್ನು ನಾನು ನೋಡಿದ್ದು ಕ್ಯಾಬ್ ಕಿಟಕಿಯಿಂದ, ಇಲ್ಲಾಂದ್ರೆ ಬೇರೆಯವರ ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ. ಗುಲಾಬಿ ಬಣ್ಣದ ಟಬೆಬುಯಾ ಮರದ ಫೋಟೋಗೆ ಒಂದು ಹಾರ್ಟ್ ಒತ್ತಿ, ಮತ್ತೆ ಎಕ್ಸೆಲ್ ಶೀಟಿಗೆ ವಾಪಸ್.

ಈ ವರ್ಷ ಮಾತ್ರ ಹಾಗಾಗಲಿಲ್ಲ. ಅದರ ಕಾರಣ ಖುಷಿಯದ್ದೇನೂ ಅಲ್ಲ.

ಡಿಸೆಂಬರ್‌ನಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯ್ತು. ಸಣ್ಣದು, ಬೇಗ ಆಸ್ಪತ್ರೆಗೆ ಕರೆತಂದಿದ್ದು ಒಳ್ಳೇದಾಯ್ತು ಅಂದರು ಡಾಕ್ಟರ್. ಮಾತು ಸರಿಹೋಯ್ತು. ನಡಿಗೆ ಮುಕ್ಕಾಲು ಪಾಲು ಸರಿಹೋಯ್ತು. ಬಲಗೈ ಮಾತ್ರ ಹಿಡಿತಕ್ಕೆ ಬರಲಿಲ್ಲ. ಅಪ್ಪ ತಿಪಟೂರು ಕಡೆಯ ಹಳ್ಳಿ ಶಾಲೆಗಳಲ್ಲಿ 34 ವರ್ಷ ಮೇಷ್ಟ್ರಾಗಿದ್ದವರು. ಅವರ ಅಕ್ಷರ ಅಂದ್ರೆ ಊರಿಗೆಲ್ಲ ಅಚ್ಚುಮೆಚ್ಚು. ಲಗ್ನಪತ್ರಿಕೆ ಮೇಲೆ ಹೆಸರು ಬರೆಸೋಕೆ ಜನ ಮನೆಗೆ ಬರ್ತಿದ್ರು. ಆ ಕೈಗೆ ಈಗ ಅಂಗಿ ಗುಂಡಿ ಹಾಕೋಕೂ ಆಗ್ತಿರಲಿಲ್ಲ.

ಜನವರಿಯಲ್ಲಿ ಅಪ್ಪ, ಅಮ್ಮ ಇಬ್ಬರನ್ನೂ ಬಸವೇಶ್ವರನಗರದ ನನ್ನ ಬಾಡಿಗೆ ಮನೆಗೆ ಕರೆತಂದೆ. ಎರಡನೇ ಮಹಡಿ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಹುಡುಗಿ ಬರ್ತಿದ್ದಳು. ಸ್ಪಂಜಿನ ಚೆಂಡು ಹಿಸುಕೋದು, ಬಟ್ಟೆ ಕ್ಲಿಪ್ ಹಾಕಿ ತೆಗೆಯೋದು, ಒಂದು ಬಟ್ಟಲಿಂದ ಇನ್ನೊಂದಕ್ಕೆ ಕಾಳು ಹಾಕೋದು. ಅಪ್ಪ ಒಂದು ವಾರ ಮಾಡಿದರು. ಆಮೇಲೆ ಚೆಂಡನ್ನು ಸೋಫಾ ಕೆಳಗೆ ತಳ್ಳಿ, ‘ಒಂದನೇ ಕ್ಲಾಸಿನ ಮಕ್ಕಳಿಗೆ ನಾನೇ ಇದನ್ನೆಲ್ಲ ಮಾಡಿಸ್ತಿದ್ದೆ ಕಣಮ್ಮ’ ಅಂದುಬಿಟ್ಟರು. ಆಮೇಲೆ ಟಿವಿ, ಊಟ, ನಿದ್ದೆ. ಕೇಳಿದರೆ ‘ಹೂಂ’, ಇಲ್ಲಾಂದ್ರೆ ಅದೂ ಇಲ್ಲ.

ಆ ಹುಡುಗಿ ಜಾಣೆ. ಒಂದು ದಿನ ಕೇಳಿದಳು: ‘ಸರ್, ಮೊದಲು ಈ ಕೈಯಲ್ಲಿ ದಿನಾ ಏನ್ ಮಾಡ್ತಿದ್ರಿ?’

‘ಬರೀತಿದ್ದೆ. ಬೆಳಗ್ಗೆ ಹಿತ್ತಲಲ್ಲಿ ಗಿಡ ನೋಡ್ಕೋತಿದ್ದೆ.’

‘ಹಂಗಾದ್ರೆ ಅದನ್ನೇ ಮಾಡಿ. ಚೆಂಡು ಬೇಡ ಬಿಡಿ.’

ಹನ್ನೆರಡು ಬೀಜ, ಅರ್ಧ ಗಂಟೆ

ನಮ್ಮ ಬಾಲ್ಕನಿಯಲ್ಲಿ ಕುಂಡಗಳೇನೋ ಇದ್ದವು, ಗಿಡ ಇರಲಿಲ್ಲ. 2024ರ ಮಾರ್ಚ್ ಬೆಂಗಳೂರಿನವರಿಗೆಲ್ಲ ನೆನಪಿರುತ್ತೆ. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗಾಗಿ ಕಾದು ಕೂತ ಬೇಸಿಗೆ ಅದು. ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶವನ್ನೇ ಹೊರಡಿಸಿತ್ತು. ಆ ವರ್ಷ ನನ್ನ ಗಿಡಗಳೆಲ್ಲ ಒಣಗಿದವು. ಒಂದು ದಾಸವಾಳ ಮಾತ್ರ ಹೇಗೋ ಉಳ್ಕೊಂಡಿತ್ತು. ಮತ್ತೆ ನೆಡೋ ಮನಸ್ಸು ಬಂದಿರಲಿಲ್ಲ.

ಫೆಬ್ರವರಿ 15, ಭಾನುವಾರ. ಹಳೇ ಮಣ್ಣನ್ನು ಹಾಳೆ ಮೇಲೆ ಸುರಿದು, ಬೇರು, ಕಲ್ಲು ಆರಿಸಿ ತೆಗೆದೆವು. ಅದಕ್ಕೆ ಕಾಂಪೋಸ್ಟ್, ಕೋಕೋಪೀಟ್, ಒಂದು ಹಿಡಿ ಹೊಂಗೆ ಹಿಂಡಿ. ಅಪ್ಪ ಎಡಗೈಯಲ್ಲಿ ಕಲಸೋಕೆ ಶುರುಮಾಡಿದಾಗ ಅಮ್ಮ, ‘ಆ ಕೈ ಅಲ್ಲ, ಈ ಕೈ’ ಅಂತ ಬಲಗೈ ಹಿಡಿದು ಮಣ್ಣಿಗೆ ಇಟ್ಟಳು. ಅಪ್ಪನಿಗೆ ರೇಗಿತು. ಆದರೆ ಕೈ ತೆಗೆಯಲಿಲ್ಲ.

ಹಿಂದಿನ ರಾತ್ರಿ ಬೆಂಡೆ ಬೀಜ ನೆನೆಹಾಕಿದ್ದೆ. ಬೆಂಡೆ ಬೀಜದ ಸಿಪ್ಪೆ ಗಟ್ಟಿ, ರಾತ್ರಿಯೆಲ್ಲ ನೆನೆದರೆ ಬೇಗ ಮೊಳೆಯುತ್ತೆ. ಬಟಾಣಿಗಿಂತ ಸಣ್ಣ ಬೀಜ, ಒದ್ದೆಯಾಗಿ ಜಾರುತ್ತೆ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಇಡಬೇಕು. ಹನ್ನೆರಡು ಬೀಜ ಇಡೋಕೆ ಅಪ್ಪನಿಗೆ ಅರ್ಧ ಗಂಟೆ ಹಿಡೀತು. ನಾಲ್ಕು ಸಲ ಬೀಜ ಕೆಳಗೆ ಬಿತ್ತು. ನನ್ನ ಕೈ ಸಹಾಯಕ್ಕೆ ಮುಂದೆ ಹೋಗ್ತಿತ್ತು, ಅಮ್ಮ ಕಣ್ಣಲ್ಲೇ ಗದರಿಸಿದಳು. ಐದನೇ ದಿನ ಮಣ್ಣು ಬಿರಿಯಿತು. ಹನ್ನೆರಡರಲ್ಲಿ ಒಂಬತ್ತು ಮೇಲೆ ಬಂದವು. ‘ಡಿಸ್ಟಿಂಕ್ಷನ್’ ಅಂದರು ಅಪ್ಪ. ಎರಡು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು.

ತಪ್ಪೂ ಮಾಡಿದೆವು. ನಾನು ಆಸೆಪಟ್ಟು ಕೊತ್ತಂಬರಿ, ಮೆಂತ್ಯ ಹಾಕಿದೆ. ಅವಕ್ಕೆ ತಂಪು ಬೇಕು, ಮಾರ್ಚ್ ಬಿಸಿಲಿಗೆ ಸೊರಗಿ ಹೋದವು. ಈ ಕಾಲಕ್ಕೆ ಸರಿಯಾದವು ಬೆಂಡೆ, ಹರಿವೆ, ದಂಟು, ಬಸಳೆ, ಹೀರೆ. ಹರಿವೆ ತಿಂಗಳೊಳಗೆ ಸಾರಿಗೆ ಬರುತ್ತೆ. ಬಸಳೆಗೆ ಬೀಜವೂ ಬೇಡ, ತರಕಾರಿ ಅಂಗಡಿಯಿಂದ ತಂದ ಕಟ್ಟಿನಲ್ಲಿ ಬಲಿತ ದಂಟನ್ನು ಚುಚ್ಚಿದರೆ ಸಾಕು.

ನೀರಿನ ವಿಷಯದಲ್ಲಿ ಅಮ್ಮನದೇ ಕಾನೂನು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಷ್ಟೇ ಗಿಡಕ್ಕೆ. ಬಚ್ಚಲ ಪಕ್ಕ ಒಂದು ಬಕೆಟ್ ಇಟ್ಟಿದ್ದಾಳೆ, ನಲ್ಲಿಯಿಂದ ನೇರ ಹಿಡಿದರೆ ಬೈತಾಳೆ. ಬಿಸಿಲೇರೋ ಮುಂಚೆ, ಇಲ್ಲವೇ ಸಂಜೆ ಹಾಕಬೇಕು. ಕುಂಡದ ಮೇಲೆ ಎರಡು ಇಂಚು ತರಗೆಲೆ ಹೊದಿಸಬೇಕು, ಆಗ ಮಣ್ಣು ಬೇಗ ಒಣಗಲ್ಲ. ಆ ತರಗೆಲೆ ತರೋಕೆ ಅಂತಲೇ ಅಪ್ಪ ಮೊದಲ ಸಲ ಮಹಡಿ ಇಳಿದರು.

ಹೊಂಗೆ ನೋಡೋಕೆ ಹದಿನೈದು ನಿಮಿಷ

ನಮ್ಮ ಬೀದಿಯಲ್ಲಿ ಆರು ಹೊಂಗೆ ಮರಗಳಿವೆ. ನಾಲ್ಕು ವರ್ಷದಿಂದ ಅವುಗಳ ಕೆಳಗೇ ಸ್ಕೂಟರ್ ನಿಲ್ಲಿಸ್ತಿದ್ದೀನಿ. ಆರಿವೆ ಅಂತ ಗೊತ್ತಾಗಿದ್ದು ಈ ವರ್ಷ, ಅಪ್ಪ ಎಣಿಸಿದ ಮೇಲೆ.

ಫೆಬ್ರವರಿಯಲ್ಲಿ ಎಲೆ ಉದುರಿ ಮರ ಬೋಳಾಗ್ತಾ ಬಂತು. ಪೌರಕಾರ್ಮಿಕ ಅಕ್ಕ ಗುಡಿಸುವ ಮುಂಚೆ ನಾವು ಒಂದು ಗೋಣಿಚೀಲ ತುಂಬ್ಕೋತಿದ್ವಿ. ಮಾರ್ಚ್ ಮೊದಲ ವಾರ ಚಿಗುರು. ಎಣ್ಣೆ ಸವರಿದ ಹಾಗೆ ಹೊಳೆಯುವ ತಿಳಿ ಹಸಿರು. ಮೂರೇ ದಿನಕ್ಕೆ ಬೀದಿಯ ಬೆಳಕೇ ಬೇರೆ ಆಯ್ತು. ‘ನಮ್ಮಪ್ಪ ಈ ಸೊಪ್ಪನ್ನ ಗದ್ದೆಗೆ ತುಳಿಸ್ತಿದ್ರು. ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ’ ಅಂದರು ಅಪ್ಪ. ಹೊಂಗೆ ಬೇಳೆಕಾಳಿನ ಜಾತಿಯ ಮರ. ಅದರ ಬೇರು ಮಣ್ಣಿಗೆ ಸಾರಜನಕ ಸೇರಿಸುತ್ತೆ. ಹೊಂಗೆ ನೆರಳು ತಾಯಿ ಮಡಿಲಿದ್ದ ಹಾಗೆ ಅಂತ ಊರಲ್ಲಿ ಅನ್ನೋದು ಸುಮ್ಮನೆ ಅಲ್ಲ. ಊರು ಉರಿಯುವ ತಿಂಗಳಲ್ಲೇ ಅದು ಹೊಸ ಎಲೆ ತೊಡುತ್ತೆ.

ಎರಡು ಬೀದಿ ಆಚೆ ಟಬೆಬುಯಾ ಇದೆ. ಅದರ ಕೆಳಗೆ ದಿನಾ ಸೆಲ್ಫಿ ಗುಂಪು. ‘ಇದ್ಯಾವ ಮರ?’ ಅಂತ ಅಪ್ಪ ಕೇಳಿದರು. ಅವರಿಗೆ ಗೊತ್ತಿಲ್ಲದ ಒಂದು ಮರ ನನಗೆ ಗೊತ್ತಿದ್ದದ್ದು ಅದೇ ಮೊದಲು! ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಕಡೆಯದು ಅಂದೆ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಅವರ ಕತೆ ಹೇಳಿದೆ. ವರ್ಷದ ಯಾವ ತಿಂಗಳಲ್ಲೂ ನಗರದಲ್ಲಿ ಒಂದಲ್ಲ ಒಂದು ಮರ ಹೂಬಿಟ್ಟಿರಬೇಕು ಅನ್ನೋದು ಅವರ ಯೋಚನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬಡಾವಣೆಗಳ ರಸ್ತೆಬದಿಯಲ್ಲಿ ಲಕ್ಷಾಂತರ ಗಿಡ ನೆಡಿಸಿದರು. ನಾವು ಇವತ್ತು ಫೋಟೋ ಹಾಕೋ ವಸಂತ ಯಾರೋ ಕೂತು ಲೆಕ್ಕ ಹಾಕಿ, ನೆಟ್ಟು, ನೀರು ಹಾಕಿಸಿದ್ದು.

ಅಪ್ಪ ಎಲ್ಲ ಕೇಳಿ, ‘ಚೆನ್ನಾಗೈತೆ. ಆದ್ರೆ ಈಗ ನೆರಳಿಲ್ವಲ್ಲ’ ಅಂದರು. ಮಾಡೋದೇನು, ಮೇಷ್ಟ್ರು!

ಕೆರೆ ಏರಿ ಮೇಲೆ ಹದಿನಾಲ್ಕು ಮರ

ಈ ಸಲ ಯುಗಾದಿ ಮಾರ್ಚ್ 19, ಗುರುವಾರ ಬಂತು. ಶುಕ್ರವಾರಕ್ಕೆ ರಜೆ ಕೇಳಿದಾಗ ಮ್ಯಾನೇಜರ್ ಕ್ಯಾಲೆಂಡರ್ ತೋರಿಸಿದರು. ಕೊಟ್ಟರು, ಆದರೆ ಲ್ಯಾಪ್‌ಟಾಪ್ ಜೊತೆಗಿರಲಿ ಅಂದರು. ಬೇವು ಬೆಲ್ಲ ತಿಂದು, ಹೋಳಿಗೆ ಊಟ ಮಾಡಿ, ಮಾರನೇ ದಿನ ಬೆಳಗ್ಗೆ ಆರಕ್ಕೆ ಅಪ್ಪ, ನಾನು ಕೆರೆ ಏರಿ ಮೇಲೆ ಹೊರಟೆವು. ಅಪ್ಪನ ಎಡಗೈಲಿ ಕೋಲು, ಬಲಗೈ ನನ್ನ ತೋಳಿನ ಮೇಲೆ.

ಕೆರೆಯಲ್ಲಿ ನೀರು ಅರ್ಧಕ್ಕಿಳಿದಿತ್ತು. ಹಿಪ್ಪೆ ಮರದ ಕೆಳಗೆ ರಾತ್ರಿ ಉದುರಿದ ಕೆನೆಬಣ್ಣದ ಹೂ. ದಪ್ಪ, ರಸ ತುಂಬಿದ್ದು, ಬಾಯಿಗಿಟ್ಟರೆ ಸಿಹಿ. ಅರಳಿ ಮರದ ಚಿಗುರು ತಾಮ್ರದ ಬಣ್ಣ. ಬೇವಿನ ಹೂವಿನ ವಾಸನೆ ಗಾಳಿಯಲ್ಲೆಲ್ಲ. ಆಚೆ ಬಾರೆಯಲ್ಲಿ ಒಂದೇ ಒಂದು ಮುತ್ತುಗ, ಎಲೆಯಿಲ್ಲದ ಕೊಂಬೆ ತುಂಬ ಕೆಂಡದ ಬಣ್ಣ, ಕೆಳಗೂ ಅಷ್ಟೇ. ‘ಇದರ ಎಲೇಲೇ ನಿಮ್ಮಜ್ಜಿ ಊಟದೆಲೆ ಹಚ್ತಿದ್ದಿದ್ದು’ ಅಂದರು. ಹುಣಸೆ ಚಿಗುರು ಕಿತ್ತು ಕೊಟ್ಟರು. ಹುಳಿ ಕಣ್ಣಿಗೇರಿತು. ಕಪ್ಪು ಕೋಗಿಲೆ ಒಂದು ಮೇಲೇರಿಸಿ, ಮೇಲೇರಿಸಿ ಕೂಗ್ತಿತ್ತು. ಆ ಹಾಡೆಲ್ಲ ಗಂಡಿನದು, ಹೆಣ್ಣು ಕಂದು ಮೈಮೇಲೆ ಬಿಳಿ ಚುಕ್ಕೆಯದು, ಅದು ಮೊಟ್ಟೆ ಇಡೋದು ಕಾಗೆ ಗೂಡಲ್ಲಿ ಅಂತ ಪಾಠವೂ ಆಯ್ತು.

ನಾನು ಕೇಳಿದೆ: ಇಷ್ಟು ಬಿಸಿಲು, ಭೂಮಿ ಒಣಗಿದೆ, ಆದರೂ ಈ ಮರಗಳು ಈಗಲೇ ಯಾಕೆ ಹೂಬಿಡ್ತವೆ?

‘ಎಲೆ ಉದುರಿಸಿದ್ರೆ ನೀರಿನ ಖರ್ಚು ಕಮ್ಮಿ. ಎಲೆ ಇಲ್ಲದ ಕೊಂಬೆ ಮೇಲಿನ ಹೂ ಹಕ್ಕಿಗೆ, ಜೇನಿಗೆ ದೂರದಿಂದ್ಲೇ ಕಾಣುತ್ತೆ. ಈಗ ಹೂ ಬಿಟ್ರೆ ಮುತ್ತುಗದಂಥದ್ದರ ಬೀಜ ಮಳೆ ಹೊತ್ತಿಗೆ ನೆಲಕ್ಕೆ ಬಿದ್ದು ರೆಡಿ. ನಿಮ್ಮ ಬಜೆಟ್ ಇದ್ದಂಗೆ ಕಣಮ್ಮ’ ಅಂದರು. ಅಕೌಂಟ್ಸ್‌ನವಳಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಕೊಡ್ತಾರೆ?

ಅರ್ಧ ಕಿಲೋಮೀಟರ್ ಏರಿಯಲ್ಲಿ ಅಪ್ಪ ಹದಿನಾಲ್ಕು ಜಾತಿ ಮರದ ಹೆಸರು ಹೇಳಿದರು. ನನಗೆ ಗೊತ್ತಿದ್ದದ್ದು ಐದು. ಮೊಬೈಲಲ್ಲಿ ಟೈಪ್ ಮಾಡ್ಕೊಳ್ಳೋಕೆ ಹೋದೆ. ಫೋನ್ ಒಂದೊಂದು ಹೆಸರನ್ನೂ ‘ಸರಿಪಡಿಸಿ’ ಬೇರೇನೋ ಮಾಡ್ತಿತ್ತು. ಡಿಸೆಂಬರ್‌ನ ಆ ರಾತ್ರಿ ಇನ್ನೊಂದು ಸ್ವಲ್ಪ ಹೆಚ್ಚುಕಮ್ಮಿ ಆಗಿದ್ದರೆ ಈ ಒಂಬತ್ತು ಹೆಸರು ನನಗೆ ಯಾವತ್ತೂ ಸಿಗ್ತಿರಲಿಲ್ಲ ಅಂತ ಆಗ ಹೊಳೀತು. ‘ಅಪ್ಪ, ಇದನ್ನೆಲ್ಲ ನೀವೇ ಬರೆದುಕೊಡಿ’ ಅಂದೆ. ಅಪ್ಪ ಬಲಗೈ ನೋಡಿಕೊಂಡರು. ಏನೂ ಹೇಳಲಿಲ್ಲ.

ಪೆನ್ಸಿಲ್ ಉಜ್ಜಿದರೆ ಎಲೆ

ವಾಪಸ್ ಬರುವಾಗ ತಿಪಟೂರಿನಲ್ಲಿ ಗೆರೆ ಇಲ್ಲದ ಒಂದು ಡ್ರಾಯಿಂಗ್ ಬುಕ್, ಒಂದು ಡಬ್ಬಿ ಕ್ರೆಯಾನ್ ತಗೊಂಡೆ. ನೇರ ಬರೀರಿ ಅಂದ್ರೆ ಅಪ್ಪ ಒಪ್ಪಲ್ಲ ಅಂತ ಗೊತ್ತಿತ್ತು. ಅದಕ್ಕೆ ಸುಲಭದ್ದರಿಂದ ಶುರು. ಎಲೆಯನ್ನು ನರ ಮೇಲೆ ಬರುವ ಹಾಗೆ ಬೋರಲಾಗಿಟ್ಟು, ಅದರ ಮೇಲೆ ಹಾಳೆ ಇಟ್ಟು, ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿದರೆ ಸಾಕು. ಎಲೆಯ ಅಂಚು, ನರ ಎಲ್ಲ ಮೂಡುತ್ತೆ. ಚಿತ್ರ ಬರಬೇಕು ಅಂತಿಲ್ಲ, ಬೆರಳು ಬಿಗಿ ಇರಬೇಕು ಅಂತಲೂ ಇಲ್ಲ. ಬಲಿತ ಎಲೆ ಒಳ್ಳೇದು, ಚಿಗುರು ಹರಿದುಹೋಗುತ್ತೆ.

ಮೊದಲ ಪುಟ ಹೊಂಗೆ. ಎಲೆ ಚೆಂದ ಬಂತು. ಕೆಳಗೆ ಹೆಸರು ಬರೆಯೋಕೆ ಹೊರಟರು. ‘ಹೊ’ ಬಂತು, ಸೊನ್ನೆ ಎಲ್ಲೋ ಹೋಯ್ತು, ‘ಗೆ’ ಅಡ್ಡ ಬಿತ್ತು. ಅಪ್ಪ ಅದನ್ನೇ ನೋಡ್ತಾ ಕೂತರು. ಆಮೇಲೆ ಪುಸ್ತಕ ಮುಚ್ಚಿಟ್ಟು ಒಳಗೆ ಹೋದರು.

ಆಮೇಲಿನ ವಾರ ನನಗೆ ಏನೂ ಗೊತ್ತಿಲ್ಲ. ಕ್ಲೋಸಿಂಗ್. ಬೆಳಗ್ಗೆ ಏಳಕ್ಕೇ ಲ್ಯಾಪ್‌ಟಾಪ್, ರಾತ್ರಿ ಮನೆ ಸೇರುವಾಗ ಹತ್ತೂವರೆ. ಪುಸ್ತಕ ಎಲ್ಲಿದೆ ಅಂತಲೂ ಕೇಳಲಿಲ್ಲ.

ಮಾರ್ಚ್ 31

ಅವತ್ತು ಬೆಳಗ್ಗೆ ಏಳು ಗಂಟೆ. ಬಾಲ್ಕನಿಯಿಂದ ಅಪ್ಪ ಕೂಗಿದರು: ‘ಪುಟ್ಟಿ, ಬಾ ಇಲ್ಲಿ. ಬೆಂಡೆ ಹೂ ಬಿಟ್ಟೈತೆ.’

‘ಐದ್ ನಿಮಿಷ ಅಪ್ಪ.’

ಐದು ನಿಮಿಷ ಅಂದ್ರೆ ಏನು ಅಂತ ನಿಮಗೂ ಗೊತ್ತು. ಕಾಲ್ ಮುಗಿದಾಗ ಎಂಟೂವರೆ. ಹಾಗೇ ಬ್ಯಾಗ್ ಎತ್ಕೊಂಡು ಓಡಿದೆ. ರಾತ್ರಿ ಹನ್ನೊಂದಕ್ಕೆ ಬಂದು, ಟಾರ್ಚ್ ಹಾಕಿ ನೋಡಿದರೆ ಹೂ ಮಡಚಿಕೊಂಡು ಬಾಡಿತ್ತು. ಬೆಂಡೆ ಹೂ ಹಾಗೇ. ಬೆಳಗ್ಗೆ ಅರಳಿದ್ದು ಸಂಜೆಗೆ ಮುಗೀತು. ನಾಳೆಗೆ ಉಳಿಯಲ್ಲ.

ಊಟದ ಟೇಬಲ್ ಮೇಲೆ ಡ್ರಾಯಿಂಗ್ ಬುಕ್ ತೆರೆದಿಟ್ಟಿತ್ತು. ತೆಳು ಹಳದಿ ಕ್ರೆಯಾನಿನಲ್ಲಿ ಐದು ಎಸಳು, ಒಂದರ ಮೇಲೊಂದು ಹತ್ತಿಕೊಂಡಿದ್ದವು. ನಡುವೆ ಕಡುಗೆಂಪು. ಗೆರೆ ನಡುಗಿದೆ, ಆದರೆ ಬೆಂಡೆ ಹೂ ಅಂತ ಯಾರಿಗಾದರೂ ಗೊತ್ತಾಗುತ್ತೆ. ಕೆಳಗೆ ಮೂರು ಸಾಲು, ಸೊಟ್ಟ ಸೊಟ್ಟ ಅಕ್ಷರ:

‘ಬೆಂಡೆ ಹೂ. ಬೆಳಿಗ್ಗೆ 7 ಗಂಟೆ. ಮಗಳು ನೋಡಲಿಲ್ಲ.’

ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಹಾಕಿದ ಹಾಗಿತ್ತು. ನಗು ಬಂತು, ಆಮೇಲೆ ಅಳು ಬಂತು. ಅಮ್ಮ ಬಂದು, ‘ಒಂದೂವರೆ ಗಂಟೆ ಕೂತು ಬರೆದ್ರು ಕಣೇ. ನಾನು ಮಾತಾಡಿಸ್ಲಿಲ್ಲ’ ಅಂದಳು. ನಾಲ್ಕು ದಿನ ಮುಚ್ಚಿಟ್ಟಿದ್ದ ಪುಸ್ತಕವನ್ನು ಅವರು ತಾವಾಗೇ ತೆಗೆದದ್ದು ಆ ಹೂ ಸಂಜೆಯೊಳಗೆ ಬಾಡುತ್ತೆ ಅಂತ ಗೊತ್ತಿದ್ದರಿಂದ. ನಾನು ನೋಡಲಿ ಅಂತಲೇ ಬರೆದಿಟ್ಟಿದ್ದರು.

ನಾಳೆ ಇನ್ನೊಂದು ಗಿಡದಲ್ಲಿ ಹೂ ಬಿಡುತ್ತೆ ಅಂತ ಅಪ್ಪ ಮಾರನೇ ದಿನ ಸಮಾಧಾನ ಮಾಡಿದರು. ಬಿಟ್ಟಿತು ಕೂಡ, ನಾನೂ ನೋಡಿದೆ. ಬೆಂಡೆ ಕ್ಷಮಿಸುತ್ತೆ, ದಿನಕ್ಕೊಂದು ಹೂ ಕೊಡುತ್ತೆ. ಎಲ್ಲವೂ ಹಾಗೆ ಎರಡನೇ ಅವಕಾಶ ಕೊಡಲ್ಲ ಅನ್ನೋದು ಡಿಸೆಂಬರ್‌ನಲ್ಲೇ ನನಗೆ ಗೊತ್ತಾಗಿತ್ತು. ಮಾರ್ಚ್‌ನಲ್ಲಿ ಮರೆತಿದ್ದೆ, ಅಷ್ಟೇ.

ನಿಮ್ಮ ಬೀದಿಯಲ್ಲಿ ಯಾವ ಮರ?

ಗಿಡ ನೆಟ್ಟರೆ ಪಾರ್ಶ್ವವಾಯು ವಾಸಿಯಾಗುತ್ತೆ ಅಂತ ನಾನು ಹೇಳ್ತಿಲ್ಲ. ಮಾತ್ರೆ ನಡೀತಿದೆ, ಫಿಸಿಯೋಥೆರಪಿ ನಡೀತಿದೆ, ಬಿಪಿ ದಿನಾ ನೋಡ್ತೀವಿ. ಅಪ್ಪ ಈಗ ಅಂಗಿಯ ಮೇಲಿನ ಎರಡು ಗುಂಡಿ ತಾವೇ ಹಾಕ್ಕೋತಾರೆ. ಬ್ಯಾಂಕಿನ ಸಹಿ ಇನ್ನೂ ಹಳೇ ಸಹಿಗೆ ಹೊಂದಲ್ಲ. ಆದರೆ ಕೈಗೆ ದಿನಾ ಕೆಲಸ ಇದೆ, ಬೆಳಗ್ಗೆ ಏಳೋಕೆ ಒಂದು ಕಾರಣ ಇದೆ.

ನಮ್ಮಂಥವರು ವಸಂತವನ್ನು ಲಾಂಗ್ ವೀಕೆಂಡಿಗೆ ಮುಂದೂಡ್ತೀವಿ. ಹೋಮ್‌ಸ್ಟೇ ಬುಕ್ ಆದ ಮೇಲೆ, ಕ್ಯಾಮೆರಾ ತಗೊಂಡ ಮೇಲೆ, ಅಪ್ರೈಸಲ್ ಮುಗಿದ ಮೇಲೆ ಅಂತ. ಅಷ್ಟರಲ್ಲಿ ಮುತ್ತುಗ ಉದುರಿರುತ್ತೆ. ನನಗೆ ಗೊತ್ತಾದ ದಾರಿ ಸಣ್ಣದು: ಒಂದು ಕುಂಡ, ಒಂದು ಮರ, ವಾರಕ್ಕೆ ಒಂದು ಪುಟ.

ಕುಂಡದಲ್ಲಿ ಹರಿವೆ ಇರಲಿ, ತಿಂಗಳಲ್ಲಿ ಫಲಿತಾಂಶ. ಮರ ನಿಮ್ಮ ಬೀದಿಯದೇ ಇರಲಿ, ಆಫೀಸ್ ಪಾರ್ಕಿಂಗ್‌ನದ್ದಾದರೂ ಸರಿ. ವಾರಕ್ಕೊಮ್ಮೆ ಅದೇ ಮರದ ಕೆಳಗೆ ನಿಂತು ಚಿಗುರು ಎಷ್ಟು, ಮೊಗ್ಗು ಎಷ್ಟು, ಕಾಯಿ ಇದೆಯಾ ಅಂತ ನೋಡಿ. ಹೀಗೆ ವಾರವಾರ ಮರ ನೋಡಿ ಬರೆದದ್ದನ್ನು ದೇಶದ ಎಲ್ಲ ಕಡೆಯಿಂದ ಸಂಗ್ರಹಿಸುವ ‘ಸೀಸನ್‌ವಾಚ್’ ಅನ್ನೋ ಯೋಜನೆಯೂ ಇದೆ, ಬೇಕಾದವರು ಸೇರಬಹುದು. ಪುಟಕ್ಕೆ ಎಲೆ ಉಜ್ಜಿ, ಇಲ್ಲಾಂದ್ರೆ ಉದುರಿದ ಹೂ ಹೆಕ್ಕಿ ನ್ಯೂಸ್‌ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ. ಎರಡು ದಿನಕ್ಕೊಮ್ಮೆ ಪೇಪರ್ ಬದಲಿಸಿದರೆ ಬೂಸ್ಟು ಬರಲ್ಲ. ಕಾಗದದ ಹೂ, ಅದೇ ಬೋಗನ್‌ವಿಲ್ಲಾ, ಒಣಗಿದರೂ ಬಣ್ಣ ಬಿಡಲ್ಲ, ಅದರಿಂದ ಶುರು ಮಾಡಿ. ಹೆಸರು ಗೊತ್ತಿಲ್ಲದ ಮರ ಕಂಡರೆ ಆ್ಯಪ್ ತೆರೆಯೋ ಮುಂಚೆ ಊರಿಗೊಂದು ಫೋನ್ ಮಾಡಿ. ಫೋಟೋ ಕಳಿಸಿ, ‘ಇದಕ್ಕೆ ನಮ್ಮ ಕಡೆ ಏನಂತಾರೆ?’ ಅಂತ ಕೇಳಿ. ಆ ಕಡೆಯವರಿಗೂ ಮಾತಾಡೋಕೆ ಏನೋ ಒಂದು ಸಿಕ್ಕಿರುತ್ತೆ.

ಈಗ ಏಪ್ರಿಲ್. ನಮ್ಮ ಬೀದಿಯ ಹೊಂಗೆ ಹೂಬಿಟ್ಟಿದೆ. ಬೆಳಗ್ಗೆ ಎದ್ದು ನೋಡಿದರೆ ಸ್ಕೂಟರ್ ಸೀಟಿನ ಮೇಲೆ, ರಸ್ತೆ ಮೇಲೆ ಅರಳು ಚೆಲ್ಲಿದ ಹಾಗೆ ಬಿಳಿ-ನೇರಳೆ ಹೂ. ಮೇಲೆ ಜೇನಿನ ಗುಂಯ್‌ಗುಡುವ ಸದ್ದು. ಕೆಳಗಿನ ಮನೆಯವರಿಗೆ ಕಾರು ಗಲೀಜಾಗುತ್ತೆ ಅಂತ ಬೇಜಾರು. ಅಪ್ಪ ಅವರಿಗೂ ಹೊಂಗೆ ಹಿಂಡಿ ಬಗ್ಗೆ ಪಾಠ ಶುರು ಮಾಡಿದ್ದಾರೆ. ಭರಣಿ ಮಳೆ ಬಂದರೆ ಹೀರೆ ಹಾಕೋಣ ಅಂತ ಬೀಜ ತರಿಸಿಟ್ಟಿದ್ದಾರೆ.

ಪುಸ್ತಕದಲ್ಲಿ ಒಂಬತ್ತು ಪುಟ ತುಂಬಿದೆ. ಹದಿನಾಲ್ಕರಲ್ಲಿ ಇನ್ನೂ ಐದು ಮರ ಬಾಕಿ. ನಾಳೆ ಬೆಳಗ್ಗೆ ಏಳಕ್ಕೆ ನನ್ನ ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷ ಬ್ಲಾಕ್ ಆಗಿದೆ. ವಿಷಯ ಅನ್ನೋ ಜಾಗದಲ್ಲಿ ‘ಹೊಂಗೆ’ ಅಂತ ಬರೆದಿದ್ದೀನಿ. ಟೀಮಿನವರು ಯಾವುದೋ ಹೊಸ ಕ್ಲೈಂಟ್ ಅಂದುಕೊಂಡಿದ್ದಾರೆ.